ಕಾಲ್ಮಿಷನ್ನಲ್ಲಿ ಫ್ಲೀಸ್ ಜಾಕೆಟ್ ಹೊಲಿಯಬಹುದಾ? ಜಿಗ್‌ಜಾಗ್ ಇಲ್ಲ, ಓವರ್‌ಲಾಕ್ ಇಲ್ಲ

ಕಾಫಿತೋಟದ_ಹೊಲಿಗೆ

ಎಲ್ಲರಿಗೂ ನಮಸ್ಕಾರ. ಆರು ವರ್ಷದ ಮಗಳಿಗೆ ಫ್ಲೀಸ್ ಜಾಕೆಟ್ ಹೊಲಿಯಬೇಕು. ಹುಡ್ ಇರಬೇಕು, ಮುಂದೆ ಜಿಪ್ ಇರಬೇಕು ಅನ್ನೋದು ಅವಳ ಆರ್ಡರ್. ನನ್ನ ಹತ್ತಿರ ಇರೋದು ಹಳೇ ಕಪ್ಪು ಮಿಷನ್, ನೇರ ಹೊಲಿಗೆ ಬಿಟ್ಟರೆ ಬೇರೆ ಏನೂ ಬರಲ್ಲ. ಬ್ಲೌಸ್, ಲಂಗ, ಫ್ರಾಕ್ ಎಲ್ಲಾ ಹೊಲಿಯುತ್ತೇನೆ, ಆದರೆ ಹಿಗ್ಗುವ ಬಟ್ಟೆಗೆ ಇದುವರೆಗೆ ಕೈ ಹಾಕಿಲ್ಲ. ಚೂರು ಬಟ್ಟೆಯ ಮೇಲೆ ಹೊಲಿದು ನೋಡಿದರೆ ಹೊಲಿಗೆ ಅಲೆಅಲೆಯಾಗಿ ಬರುತ್ತಿದೆ, ನಡುನಡುವೆ ಟಾಕ ತಪ್ಪುತ್ತಿದೆ. ವಿಡಿಯೋಗಳಲ್ಲಿ ಎಲ್ಲರೂ ಜಿಗ್‌ಜಾಗ್ (ಅಂಕುಡೊಂಕು ಹೊಲಿಗೆ) ಇಡಿ, ವಾಕಿಂಗ್ ಫೂಟ್ (ಮೇಲ್ಪದರವನ್ನೂ ಜೊತೆಗೇ ಎಳೆಯೋ ಫೂಟ್) ಹಾಕಿ, ಓವರ್‌ಲಾಕ್ (ಅಂಚಿಗೆ ದಾರ ಸುತ್ತೋ ಹೊಲಿಗೆ) ಮಾಡಿ ಅಂತಾರೆ. ಇದ್ಯಾವುದೂ ಇಲ್ಲದೆ ಆಗುತ್ತಾ, ಇಲ್ಲ ಹೊರಗೆ ಕೊಡೋದೇ ಒಳ್ಳೇದಾ?

ಬಸವನಗುಡಿ_ಬೊಟಿಕ್

ಬಟ್ಟೆ ಯಾವುದು ಅಂತ ಮೊದಲು ಹೇಳಿ. ಎರಡೂ ಕಡೆ ರೋಮ ಇದೆಯಾ, ಅಥವಾ ಒಳಗೆ ಮಾತ್ರ ರೋಮ, ಹೊರಗೆ ಟೀ ಶರ್ಟ್ ಥರ ನುಣುಪಾಗಿದೆಯಾ? ಅಂಗಡಿಯಲ್ಲಿ ಎರಡನ್ನೂ ಫ್ಲೀಸ್ ಅಂತಲೇ ಕೊಡುತ್ತಾರೆ. ಹೊರಗೆ ನುಣುಪಾಗಿದ್ದರೆ ಅದು ತಿರುಪ್ಪೂರಿನಿಂದ ಬರೋ ಹೂಡಿ (ಹುಡ್ ಇರೋ ಅಂಗಿ) ಹೊಲಿಯೋ ಬಟ್ಟೆ, ಹತ್ತಿ ಅಥವಾ ಹತ್ತಿಗೆ ಪಾಲಿಯೆಸ್ಟರ್ ಬೆರೆಸಿದ್ದು. ಅದನ್ನು ಕತ್ತರಿಸುವ ಮೊದಲು ಒಗೆದು ಒಣಗಿಸಲೇಬೇಕು, ಕುಗ್ಗುತ್ತೆ. ಅಂಚು ಸುರುಳಿ ಸುತ್ತಿಕೊಳ್ಳುತ್ತೆ, ಹಾಗಾಗಿ ಓವರ್‌ಲಾಕ್ ಇದ್ದರೇ ಚೆನ್ನ.

ಎರಡೂ ಕಡೆ ರೋಮ ಇದ್ದರೆ ಪೋಲಾರ್, ಪೂರ್ತಿ ಪಾಲಿಯೆಸ್ಟರ್. ಅದು ಕುಗ್ಗಲ್ಲ, ಅಂಚಿನಲ್ಲಿ ಎಳೆ ಬಿಚ್ಚಿಕೊಳ್ಳಲ್ಲ. ಆದರೆ ಇಸ್ತ್ರಿಪೆಟ್ಟಿಗೆ ಮುಟ್ಟಿಸುವ ಹಾಗಿಲ್ಲ. ಬಿಸಿ ತಾಗಿದರೆ ರೋಮ ಚಪ್ಪಟೆಯಾಗಿ ಹೊಳೆಯುವ ಕಲೆ ಬೀಳುತ್ತೆ, ಅದು ಮತ್ತೆ ಹೋಗಲ್ಲ.

ಕಾಫಿತೋಟದ_ಹೊಲಿಗೆ

ಎರಡೂ ಕಡೆ ರೋಮ ಇದೆ. 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಕ) ಅಂತ ಹೇಳಿ ಕೊಟ್ಟರು. ಪನ್ನ (ಬಟ್ಟೆಯ ಅಗಲ) 60 ಇಂಚು, ಒಂದೂವರೆ ಮೀಟರ್ ತಂದಿದ್ದೇನೆ.

ಟೇಲರ್‌ಕಾಕಾ_ಧಾರವಾಡ

ತಂಗಿ, ಹೊಸ ಮಿಷನ್ ಏನೂ ಬೇಕಾಗಿಲ್ಲ ನೋಡ್ರಿ. ಎರಡೂ ಕಡೆ ರೋಮ ಇದ್ದದ್ದು ಒಳ್ಳೇದೇ ಆಯಿತು, ಓವರ್‌ಲಾಕ್ ಚಿಂತೆ ಬಿಟ್ಟುಬಿಡ್ರಿ.

ಅಲೆ ಬರೋದು ಪ್ರೆಶರ್ ಫೂಟ್, ಅಂದರೆ ಬಟ್ಟೆಯನ್ನು ಮೇಲಿಂದ ಹಿಡಿಯುವ ಪಾದ, ಜಾಸ್ತಿ ಒತ್ತುವುದರಿಂದ. ಕೆಳಗಿನ ಹಲ್ಲು ಕೆಳಪದರವನ್ನು ಹಿಂದಕ್ಕೆ ಎಳೆಯುತ್ತದೆ, ಮೇಲಿನ ಫೂಟ್ ಮೇಲ್ಪದರವನ್ನು ಮುಂದಕ್ಕೆ ತಳ್ಳುತ್ತದೆ. ಪಾಪ್ಲಿನ್ ಆದರೆ ತಡೆಯುತ್ತದೆ, ಇದು ಹಿಗ್ಗಿ ಹಾಗೇ ಹೊಲಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ನಿಮ್ಮ ಮಿಷನ್ನಿನ ತಲೆಯ ಎಡಗಡೆ, ಫೂಟ್ ಹಿಡಿದಿರುವ ಸರಳಿನ ನೆತ್ತಿಯ ಮೇಲೆ ಒಂದು ತಿರುಪು ಇದೆ. ಬಹಳ ಮಂದಿ ಅದನ್ನು ಜನ್ಮದಲ್ಲಿ ಮುಟ್ಟಿರುವುದಿಲ್ಲ. ಒಂದೊಂದೇ ಸುತ್ತು ಸಡಿಲ ಮಾಡಿ, ಪ್ರತಿ ಸುತ್ತಿಗೂ ಎರಡು ಪದರದ ಚೂರನ್ನು ಹೊಲಿದು ನೋಡ್ರಿ. ಬಟ್ಟೆಯ ಮೇಲೆ ಫೂಟಿನ ಗುರುತು ಬೀಳಬಾರದು, ಆದರೆ ಹಲ್ಲು ಬಟ್ಟೆಯನ್ನು ತಾನಾಗಿ ಎಳೆದುಕೊಳ್ಳುತ್ತಿರಬೇಕು. ಎಳೆಯುವುದು ನಿಂತಿತು ಅಂದರೆ ಸಡಿಲ ಹೆಚ್ಚಾಯಿತು, ಅರ್ಧ ಸುತ್ತು ವಾಪಸ್ ಬಿಗಿ ಮಾಡ್ರಿ.

ಆಮೇಲೆ ಟಾಕ ಉದ್ದ ಮಾಡ್ರಿ. ಬ್ಲೌಸಿಗೆ ಇಡುವ ಸಣ್ಣ ಟಾಕ ಇದಕ್ಕೆ ನಡೆಯುವುದಿಲ್ಲ. ಇಂಚಿಗೆ ಏಳೆಂಟು ಟಾಕ ಬಂದರೆ ಸಾಕು. ಮೇಲಿನ ದಾರವನ್ನು ಒಂದಿಷ್ಟು ಸಡಿಲ ಬಿಡ್ರಿ. ಹತ್ತಿ ದಾರ ಬೇಡ, ಪಾಲಿಯೆಸ್ಟರ್ ದಾರವೇ ಇರಲಿ.

ಟಾಕ ತಪ್ಪುವುದು ಸೂಜಿಯಿಂದ. ಬಾಲ್‌ಪಾಯಿಂಟ್ ಸೂಜಿ 14 ನಂಬರ್ ಕೇಳಿ ತಗೊಳ್ರಿ. ಅದರ ತುದಿ ಮೊಂಡ, ಹೆಣಿಗೆಯ ಎಳೆಯನ್ನು ಚುಚ್ಚದೆ ಸರಿಸಿಕೊಂಡು ಹೋಗುತ್ತದೆ. ಜಿಪ್ ಕೂಡಿಸುವ ಕಡೆ, ಹುಡ್ ಕೂಡುವ ಕಡೆ ನಾಲ್ಕೈದು ಪದರ ಬಂದರೆ 16 ಹಾಕ್ರಿ. 11 ನಂಬರ್ ಅಲ್ಲಿ ಬಾಗುತ್ತದೆ.

ಬೀದರ್_ಚಳಿ

ಕಾಕಾ, ಆ ತಿರುಪು ಇರೋದೇ ಗೊತ್ತಿರಲಿಲ್ಲ. ನಮ್ಮ ಅವ್ವನ ಮಿಷನ್ ಮೇಲೂ ಇದೆ, ಈಗ ಹೋಗಿ ನೋಡಿ ಬಂದೆ 😄

ಮಿನೆಸೋಟ_ಕನ್ನಡತಿ

ಕಾಕಾ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಇಲ್ಲಿ ವರ್ಷದಲ್ಲಿ ಆರು ತಿಂಗಳು ಫ್ಲೀಸಲ್ಲೇ ಬದುಕೋದು, ಹಾಗಾಗಿ ಮಕ್ಕಳದ್ದು, ನಮ್ಮದು, ನಾಯಿಯದ್ದು ಎಲ್ಲಾ ಹೊಲಿದಿದ್ದೇನೆ.

ಜಿಗ್‌ಜಾಗ್ ಬೇಕೇಬೇಕು ಅನ್ನೋದು ಅರ್ಧ ಮಾತ್ರ ನಿಜ. ಹೊಲಿಗೆ ಎಲ್ಲಿ ಹಿಗ್ಗಬೇಕು ಅನ್ನೋದನ್ನು ನೋಡಿ. ಫ್ಲೀಸ್ ಹಿಗ್ಗೋದು ಪನ್ನದ ಕಡೆಗೆ, ಅಂದರೆ ಅಡ್ಡಕ್ಕೆ. ಉದ್ದಕ್ಕೆ ಅಷ್ಟಾಗಿ ಹಿಗ್ಗಲ್ಲ. ಮೈಯ ಸುತ್ತ ಹಿಗ್ಗು ಬರೋ ಹಾಗೆ ಕತ್ತರಿಸಿದರೆ ಪಕ್ಕದ ಹೊಲಿಗೆ, ತೋಳಿನ ಹೊಲಿಗೆ ಎಲ್ಲಾ ಉದ್ದಕ್ಕೆ ಬರುತ್ತವೆ. ಅಲ್ಲಿ ಎಳೆತ ಕಡಿಮೆ, ಉದ್ದ ಟಾಕದ ನೇರ ಹೊಲಿಗೆ ಸಾಕು. ದಾರ ಕಿತ್ತು ಬರೋದು ಅಡ್ಡ ಹೊಲಿಗೆಗಳಲ್ಲಿ: ತೋಳಿನ ತುದಿ, ಸೊಂಟದ ಅಂಚು, ತಲೆ ತೂರಿಸುವ ಕುತ್ತಿಗೆ.

ಹಾಗಾಗಿ ನಿಮ್ಮ ಮಗಳು ಜಿಪ್ ಕೇಳಿದ್ದು ನಿಮ್ಮ ಮಿಷನ್ನಿಗೆ ವರವೇ ಆಯ್ತು! ತಲೆ ಮೇಲಿಂದ ಹಾಕೋ ಪುಲ್ಲೋವರ್ ಆದರೆ ಕುತ್ತಿಗೆ ಪ್ರತಿ ಸಲ ಹಿಗ್ಗಬೇಕು, ನೇರ ಹೊಲಿಗೆ ಒಂದು ವಾರ ಬಾಳೋದೂ ಕಷ್ಟ. ಮುಂದೆ ತೆರೆಯೋ ಜಾಕೆಟ್ಟಲ್ಲಿ ಕುತ್ತಿಗೆ, ಸೊಂಟ ಎರಡೂ ಹಿಗ್ಗಬೇಕಾಗಿಲ್ಲ. ಉಳಿಯೋದು ತೋಳಿನ ತುದಿ ಒಂದೇ. ಅದನ್ನು ಮಗುವಿನ ಮುಷ್ಟಿ ಸಲೀಸಾಗಿ ತೂರುವಷ್ಟು ಅಗಲ ಬಿಟ್ಟುಬಿಡಿ. ಹೊರಗೆ ಕೊಡೋದೇನೂ ಬೇಡ.

ಬಸವನಗುಡಿ_ಬೊಟಿಕ್

ಇದನ್ನು ಪೂರ್ತಿ ಒಪ್ಪಲ್ಲ. ಮಕ್ಕಳು ತೋಳು ಹಿಡಿದು ಎಳೆದಾಡ್ತಾರೆ, ಆರ್ಮ್‌ಹೋಲ್ ಹತ್ತಿರ ನೇರ ಹೊಲಿಗೆ ಕಿತ್ತು ಬರುತ್ತೆ. ಹೊಲಿಯುವಾಗ ಬಟ್ಟೆಯನ್ನು ಸ್ವಲ್ಪ ಎಳೆದು ಹಿಡಿದರೆ ಟಾಕದಲ್ಲಿ ಸಡಿಲ ಉಳಿಯುತ್ತೆ.

ಟೇಲರ್‌ಕಾಕಾ_ಧಾರವಾಡ

ಎಳೆದು ಹಿಡಿಯುವುದು ಕೈ ಪಳಗಿದವರ ಕೆಲಸ. ಹೊಸಬರು ಎಳೆದರೆ ಮತ್ತೆ ಅದೇ ಅಲೆ. ಆರ್ಮ್‌ಹೋಲಿಗೆ ಎರಡು ಸಾಲು ಹೊಲಿಗೆ ಹಾಕ್ರಿ, ಒಂದರ ಪಕ್ಕ ಒಂದು, ನಡುವೆ ಕಾಲಿಂಚಿಗಿಂತ ಕಡಿಮೆ. ಎರಡನೇ ಸಾಲಿನ ಆಚೆ ಉಳಿದ ಬಟ್ಟೆ ಕತ್ತರಿಸಿ ತೆಗೀರಿ. ಕಂಕುಳ ಕೆಳಗೆ ಉಬ್ಬು ಇರುವುದಿಲ್ಲ, ಗಟ್ಟಿಯೂ ಇರುತ್ತದೆ.

ಬಸವನಗುಡಿ_ಬೊಟಿಕ್

ಸರಿ, ಅದು ಆಗುತ್ತೆ. ಆದರೆ ಭುಜಕ್ಕೆ ಪಟ್ಟಿ ಮರೆಯಬೇಡಿ. ಭುಜದ ಹೊಲಿಗೆ ಅಡ್ಡಕ್ಕೆ ಬರುತ್ತೆ, ಹುಡ್ ಭಾರ ಬೇರೆ, ದಿನ ಕಳೆದ ಹಾಗೆ ಜೋತು ಬೀಳುತ್ತೆ. ಪ್ಯಾಟರ್ನಿನ ಭುಜದಷ್ಟೇ ಉದ್ದದ ಹತ್ತಿ ಟೇಪ್ ತುಂಡನ್ನು ಹೊಲಿಗೆಯ ಜೊತೆಗೇ ಸೇರಿಸಿ ಹೊಲಿಯಿರಿ. ಟೇಪನ್ನು ಬಟ್ಟೆಗೆ ಅಳೆಯಬೇಡಿ, ಬಟ್ಟೆ ಆಗಲೇ ಹಿಗ್ಗಿರುತ್ತೆ. ಪೇಪರ್ ಪ್ಯಾಟರ್ನಿಗೆ ಅಳೆಯಿರಿ.

ಕಾಫಿತೋಟದ_ಹೊಲಿಗೆ

ಇಷ್ಟೆಲ್ಲಾ ಯಾರೂ ಹೇಳಿಕೊಟ್ಟಿರಲಿಲ್ಲ, ಥ್ಯಾಂಕ್ಸ್. ಇನ್ನೂ ಕತ್ತರಿ ಹಾಕಿಲ್ಲ. ಮಗಳ ಎದೆ ಸುತ್ತಳತೆ 24. ಎಷ್ಟು ಸಡಿಲ ಬಿಡಲಿ? ಎರಡೂ ಕಡೆ ರೋಮ ಇರೋದರಿಂದ ಒಳಗೆ ಯಾವುದು, ಹೊರಗೆ ಯಾವುದು ಅಂತಲೂ ತಿಳಿಯುತ್ತಿಲ್ಲ.

ಮಿನೆಸೋಟ_ಕನ್ನಡತಿ

ಒಳಗೆ ಇನ್ನೊಂದು ಅಂಗಿ ಇರುತ್ತೆ, ಬಟ್ಟೆಯೂ ದಪ್ಪ, ಹಾಗಾಗಿ ಕಡಿಮೆ ಅಂದರೂ 4 ಇಂಚು ಸಡಿಲ. 24ಕ್ಕೆ 28. ಬೆಳೆಯೋ ಮಗು, 29 ಇಟ್ಟರೂ ತಪ್ಪಿಲ್ಲ.

60 ಇಂಚು ಪನ್ನದಲ್ಲಿ ಲೆಕ್ಕ ನೋಡಿ. ಬೆನ್ನಿನ ಭಾಗಕ್ಕೆ ಹೊಲಿಗೆಗೆ ಬಿಡೋದೂ ಸೇರಿ 16 ಇಂಚು, ಮುಂದಿನ ಎರಡು ಭಾಗಕ್ಕೆ ತಲಾ 8, ಎರಡು ತೋಳಿಗೆ ತಲಾ 13. ಒಟ್ಟು 58. ಎಲ್ಲಾ ಒಂದೇ ಸಾಲಲ್ಲಿ ಕೂರುತ್ತೆ. ಉದ್ದ ಅಂಚು ಮಡಚೋದೂ ಸೇರಿ 20 ಇಂಚು. ಅದರ ಕೆಳಗೆ ಹುಡ್ಡಿನ ಎರಡು ಭಾಗ ಮತ್ತೆ ಜೇಬು. ಅಂದರೆ ಒಂದು ಮೀಟರೊಳಗೆ ಜಾಕೆಟ್ ಮುಗಿಯುತ್ತೆ, ನಿಮಗೆ ಅರ್ಧ ಮೀಟರ್ ಮಿಗುತ್ತೆ.

ಆದರೆ ಒಂದು ಷರತ್ತು. ಉಳಿಸೋಣ ಅಂತ ಒಂದು ತುಂಡನ್ನು ತಲೆಕೆಳಗೆ ಇಡಬೇಡಿ. ವೆಲ್ವೆಟ್ ಥರ ಇದಕ್ಕೂ ರೋಮದ ದಿಕ್ಕಿದೆ. ಅಂಗೈ ಆಡಿಸಿ ನೋಡಿ, ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಒರಟು. ಎಲ್ಲಾ ತುಂಡಿನ ನುಣುಪೂ ಮೇಲಿನಿಂದ ಕೆಳಕ್ಕೆ ಇರಲಿ. ಒಂದು ತೋಳು ತಿರುಗಿಬಿಟ್ಟರೆ ಬಿಸಿಲಿಗೆ ನಿಂತಾಗ ಬಣ್ಣವೇ ಬೇರೆ ಕಾಣುತ್ತೆ.

ಒಳಗು ಹೊರಗಿಗೆ: ಕತ್ತರಿಸಿದ ಅಡ್ಡ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯಿರಿ, ಅಂಚು ಸಾಮಾನ್ಯವಾಗಿ ಒಳಮಗ್ಗುಲಿನ ಕಡೆಗೆ ಸುರುಳಿ ಸುತ್ತುತ್ತೆ. ಅಗ್ಗದ ಬಟ್ಟೆಯಲ್ಲಿ ಕೆಲವು ಸಲ ಏನೂ ತೋರಲ್ಲ. ಆಗ ಚೆನ್ನಾಗಿ ಕಾಣೋ ಕಡೆಯನ್ನೇ ಹೊರಗೆ ಅಂತ ತೀರ್ಮಾನಿಸಿ, ಒಳಗಡೆ ಪ್ರತಿ ತುಂಡಿಗೂ ಪೇಪರ್ ಟೇಪ್ ಚೂರು ಅಂಟಿಸಿ "ಬಲ ತೋಳು", "ಎಡ ಮುಂದೆ" ಅಂತ ಬರೆದುಬಿಡಿ. ಸುಮ್ನೆ ನೆನಪಿರುತ್ತೆ ಅಂದುಕೊಂಡರೆ ಎರಡೂ ಎಡ ತೋಳೇ ಆಗುತ್ತೆ.

ಟೇಲರ್‌ಕಾಕಾ_ಧಾರವಾಡ

ಚಾಕ್ ಗೆರೆ ರೋಮದ ಮೇಲೆ ನಿಲ್ಲುವುದಿಲ್ಲ. ಸವೆದ ಮೈಸೋಪಿನ ಚೂರು ಗಾಢ ಬಣ್ಣದ ಮೇಲೆ ಚೆನ್ನಾಗಿ ಗೆರೆ ಬಿಡುತ್ತದೆ, ಒಗೆದರೆ ಹೋಗುತ್ತದೆ. ಗುಂಡುಸೂಜಿ ಚುಚ್ಚಬೇಡ್ರಿ, ರೋಮದೊಳಗೆ ಮುಳುಗಿದರೆ ಕಾಣುವುದಿಲ್ಲ, ಆಮೇಲೆ ಕೂಸಿನ ಮೈಗೆ ಚುಚ್ಚುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಪೇಪರ್ ಕ್ಲಿಪ್ಪು, ಬಟ್ಟೆ ಒಣಹಾಕುವ ಕ್ಲಿಪ್ಪು ಯಾವುದಾದರೂ ನಡೆಯುತ್ತದೆ.

ಇನ್ನೊಂದು. ಕಪ್ಪು ಮಿಷನ್ನಿನ ಸೂಜಿ ಕಂಬದಿಂದ ಎಣ್ಣೆ ಇಳಿಯುತ್ತದೆ. ಪಾಲಿಯೆಸ್ಟರಿಗೆ ಎಣ್ಣೆ ಹತ್ತಿದರೆ ಬಿಡಿಸುವುದು ಕಷ್ಟ. ಹಿಂದಿನ ದಿನ ಎಣ್ಣೆ ಹಾಕಿ, ಹಳೇ ಬಟ್ಟೆ ಮೇಲೆ ಓಡಿಸಿ, ಒರೆಸಿ ಇಟ್ಟು ಮರುದಿನ ಹೊಲಿಗೆ ಶುರು ಮಾಡ್ರಿ.

ಹತ್ತಿಪ್ರಿಯ

ನಡುವೆ ಬಂದು ರಸಭಂಗ ಮಾಡ್ತೀನಿ, ಕ್ಷಮಿಸಿ. ಇಷ್ಟು ಕಷ್ಟಪಟ್ಟು ಪ್ಲಾಸ್ಟಿಕ್ ಯಾಕೆ ಹೊಲಿಯೋದು? ಒಂದು ಬಟ್ಟೆಯಿಂದ ಒಂದು ಸಲದ ಒಗೆತಕ್ಕೆ 1,900ಕ್ಕೂ ಹೆಚ್ಚು ಎಳೆ ನೀರಿಗೆ ಸೇರಬಹುದು ಅಂತ 2011ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಉಣ್ಣೆ ಇದೆ, ಹತ್ತಿ ತುಂಬಿ ಹೊಲಿದ ಕೋಟ್ ಇದೆ. ನಮ್ಮ ಹಿರಿಯರು ಕಂಬಳಿ ಹೊದ್ದೇ ಮಳೆಗಾಲ ಕಳೆದರು.

ಮಿನೆಸೋಟ_ಕನ್ನಡತಿ

ಎಳೆ ಉದುರೋದು ನಿಜ, ಅದನ್ನು ತಳ್ಳಿಹಾಕಲ್ಲ. ಹಾಗಂತ ಒದ್ದೆ ಕಂಬಳಿ ಹೊರಿಸಿ ಆರು ವರ್ಷದ ಮಗುವನ್ನು ಶಾಲೆಗೆ ಕಳಿಸೋಕಾಗುತ್ತಾ? ಫ್ಲೀಸ್ ನೀರನ್ನು ಅಷ್ಟಾಗಿ ಹೀರಲ್ಲ, ಹಗುರ, ಹಿಂಡಿ ಹಾಕಿದರೆ ಬೇಗ ಒಣಗುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಇದೇ ದೊಡ್ಡ ವಿಷಯ ಅಲ್ವಾ. ಜಾಕೆಟ್ಟನ್ನು ದಿನಾ ಒಗೆಯಬೇಕಾಗಿಯೂ ಇಲ್ಲ. ಒಗೆಯುವಾಗ ತಣ್ಣೀರು, ಒಳಗು ಹೊರಗು ಮಾಡಿ, ಕಂಫರ್ಟ್ ಥರದ್ದು ಏನೂ ಹಾಕದೆ.

ಅಂದ ಹಾಗೆ ಈ ಬಟ್ಟೆ ಹುಟ್ಟಿದ್ದು ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಊರಿನ ಮಾಲ್ಡನ್ ಮಿಲ್ಸ್‌ನಲ್ಲಿ, 1979ರ ಸುಮಾರಿಗೆ. ಪೋಲಾರ್‌ಟೆಕ್ ಅಂತ ಹೆಸರು ಮಾಡಿದ್ದೂ ಅವರೇ. 1995ರ ಡಿಸೆಂಬರಲ್ಲಿ ಮಿಲ್ಲಿಗೆ ಬೆಂಕಿ ಬಿದ್ದು ದೊಡ್ಡ ಭಾಗ ಸುಟ್ಟುಹೋಯ್ತು. ಮಾಲೀಕ ಆರನ್ ಫ್ಯೂರ್‌ಸ್ಟೀನ್ ಕೆಲಸ ನಿಂತಿದ್ದರೂ ಕಾರ್ಮಿಕರಿಗೆ ಕೆಲ ತಿಂಗಳು ಸಂಬಳ ಕೊಟ್ಟು, ಅದೇ ಊರಲ್ಲಿ ಮಿಲ್ ಮತ್ತೆ ಕಟ್ಟಿಸಿದರು. 1993ರಿಂದ ಪಟಗೋನಿಯಾ ಕಂಪನಿ ಬಳಸಿ ಬಿಸಾಡಿದ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಫ್ಲೀಸ್ ಬಳಸೋಕೆ ಶುರು ಮಾಡ್ತು. ಪ್ಲಾಸ್ಟಿಕ್ ಅನ್ನೋದರಲ್ಲಿ ಸಂಶಯವೇ ಇಲ್ಲ 🙂

ಹತ್ತಿಪ್ರಿಯ

ಸರಿ, ಒಪ್ಪಿದೆ ಅಂತಲ್ಲ, ಆದರೆ ಜಗಳ ಬೇಡ. ಒಂದು ಮಾತು ಮಾತ್ರ ಗಂಭೀರವಾಗಿ ಹೇಳ್ತೀನಿ. ನಿಮ್ಮ ಕಡೆ ಬೆಳಗ್ಗೆ ಮಕ್ಕಳು ಬಚ್ಚಲ ಒಲೆ ಮುಂದೆ ಚಳಿ ಕಾಯಿಸಿಕೊಳ್ಳುತ್ತಾ ಕೂರ್ತಾರೆ. ಈ ಜಾಕೆಟ್ ಹಾಕಿಕೊಂಡು ಅಲ್ಲಿ ಕೂರಿಸಬೇಡಿ. ಪಾಲಿಯೆಸ್ಟರ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತೆ.

ಕಾಫಿತೋಟದ_ಹೊಲಿಗೆ

ಅದು ಖಂಡಿತ ನೆನಪಿಡ್ತೀನಿ. ನಮ್ಮ ಮನೆಯಲ್ಲಿ ಒಲೆ ಮುಂದೆ ಕೂರೋದು ಮಕ್ಕಳಷ್ಟೇ ಅಲ್ಲ, ದೊಡ್ಡವರೂ!

ತಿರುಪು ಸಡಿಲ ಮಾಡಿ, ಬಾಲ್‌ಪಾಯಿಂಟ್ ಸೂಜಿ ಹಾಕಿ ಚೂರುಗಳ ಮೇಲೆ ಹೊಲಿದೆ. ಟಾಕ ತಪ್ಪೋದು ಪೂರ್ತಿ ನಿಂತಿದೆ. ಅಲೆ ಉದ್ದಕ್ಕೆ ಹೊಲಿದಾಗ ಇಲ್ಲವೇ ಇಲ್ಲ, ಅಡ್ಡಕ್ಕೆ ಹೊಲಿದಾಗ ಇನ್ನೂ ಸ್ವಲ್ಪ ಇದೆ. ಈಗ ಕೆಳಗಿನ ಅಂಚು ಮತ್ತೆ ಜಿಪ್ ಬಗ್ಗೆ ಹೇಳಿ.

ಬಸವನಗುಡಿ_ಬೊಟಿಕ್

ಅಡ್ಡ ಅಂಚಿಗೆ ಬಟರ್ ಪೇಪರ್ ಉಪಯೋಗಿಸಿ. ಎರಡು ಇಂಚಿನ ಪಟ್ಟಿ ಕತ್ತರಿಸಿ ಬಟ್ಟೆಯ ಮೇಲೆ ಇಟ್ಟು ಪೇಪರ್ ಸಮೇತ ಹೊಲಿದುಬಿಡಿ. ಫೂಟ್ ಪೇಪರ್ ಮೇಲೆ ಜಾರುತ್ತೆ, ಬಟ್ಟೆಯನ್ನು ತಳ್ಳಲ್ಲ. ಆಮೇಲೆ ಪೇಪರ್ ಹರಿದು ತೆಗೆದರಾಯ್ತು. ನ್ಯೂಸ್ ಪೇಪರ್ ಬೇಡ, ತಿಳಿ ಬಣ್ಣದ ಬಟ್ಟೆಗೆ ಮಸಿ ಹತ್ತುತ್ತೆ.

ಅಂಚನ್ನು ಒಂದೇ ಸಲ ಮಡಚಿ. ಬ್ಲೌಸಿನ ಅಭ್ಯಾಸದಲ್ಲಿ ಎರಡು ಮಡಿಕೆ ಹಾಕಿದರೆ ಹಗ್ಗ ಸುತ್ತಿದ ಹಾಗೆ ದಪ್ಪ ಬರುತ್ತೆ. ಎಳೆ ಬಿಚ್ಚಲ್ಲ ಅಂದಮೇಲೆ ಒಳಗೆ ಕತ್ತರಿಸಿದ ಅಂಚು ಕಂಡರೆ ಏನು? ಒಂದಿಂಚು ಮಡಚಿ, ಮುಕ್ಕಾಲು ಇಂಚಿನ ಮೇಲೆ ಹೊಲಿಗೆ, ಮಿಕ್ಕದ್ದನ್ನು ಹೊಲಿಗೆಯ ಪಕ್ಕಕ್ಕೆ ನೀಟಾಗಿ ಕತ್ತರಿಸಿ.

ಇಸ್ತ್ರಿ ಮಾಡೋಕಾಗಲ್ಲ, ಹಾಗಾಗಿ ಪ್ರತಿ ಹೊಲಿಗೆಯನ್ನೂ ಬೆರಳಿಂದ ಬಿಡಿಸಿ ಒತ್ತಿ, ಒಳಗಿನ ಅಂಚನ್ನು ಒಂದು ಪಕ್ಕಕ್ಕೆ ಮಲಗಿಸಿ ಮೇಲಿಂದ ಇನ್ನೊಂದು ಹೊಲಿಗೆ ಹಾಕಿ. ಹಾಕಿದರೆ ರೆಡಿಮೇಡ್ ಥರ ಕಾಣುತ್ತೆ, ಹಾಕದಿದ್ದರೆ ಸೀಮುಗಳು ಉಬ್ಬಿಕೊಂಡೇ ಇರುತ್ತವೆ.

ಟೇಲರ್‌ಕಾಕಾ_ಧಾರವಾಡ

ಜಿಪ್ಪಿಗೆ ಅವಸರ ಮಾಡಬೇಡ್ರಿ. ಈ ಕೆಲಸದಲ್ಲಿ ಕಷ್ಟ ಇರುವುದು ಅಲ್ಲೇ.

ಜಾಕೆಟ್ ಜಿಪ್ ಅಂತ ಕೇಳ್ರಿ, ಕೆಳಗೆ ಪೂರ್ತಿ ಬಿಚ್ಚಿಕೊಳ್ಳುವಂಥದ್ದು, ಪ್ಲಾಸ್ಟಿಕ್ ಹಲ್ಲಿನದ್ದು. ಮುಂದಿನ ಎರಡೂ ಅಂಚಿಗೆ ಒಳಗಡೆಯಿಂದ ಅರ್ಧ ಇಂಚಿನ ಹತ್ತಿ ಪಟ್ಟಿ ಕೊಟ್ಟು ಕಚ್ಚಾ ಹೊಲಿಗೆ ಹಾಕ್ರಿ. ಅಂಟಿಸುವ ಕ್ಯಾನ್ವಾಸ್ ಬೇಡ, ಅದಕ್ಕೆ ಇಸ್ತ್ರಿ ಬಿಸಿ ಬೇಕು, ಈ ಬಟ್ಟೆ ತಡೆಯುವುದಿಲ್ಲ. ಪಟ್ಟಿಯ ಉದ್ದ ಜಿಪ್ಪಿನಷ್ಟೇ ಇರಬೇಕು. ಬಟ್ಟೆ ಒಂದು ಚೂರು ಉದ್ದ ಕಂಡರೆ ಹೆದರಬೇಡ್ರಿ, ಅದನ್ನು ಸಮನಾಗಿ ಹಂಚಿ ಪಟ್ಟಿಗೆ ಕೂಡಿಸ್ರಿ.

ಆಮೇಲೆ ಜಿಪ್ಪನ್ನು ಕೈಯಿಂದ ಕಚ್ಚಾ ಹೊಲಿದು, ಹಾಕಿ ತೆಗೆದು ನೋಡ್ರಿ. ಎರಡು ಜೇಬು ಒಂದೇ ಮಟ್ಟಕ್ಕೆ ಬಂತಾ, ಸೊಂಟದ ಅಂಚು ಕೂಡಿತಾ ನೋಡಿ ಆಮೇಲೆ ಮಿಷನ್ನಿಗೆ ಕೊಡ್ರಿ. ಹೊಲಿಯುವಾಗ ಫ್ಲೀಸ್ ಕೆಳಗೆ, ಮಿಷನ್ನಿನ ಹಲ್ಲಿನ ಮೇಲೆ ಇರಲಿ. ಜಿಪ್ಪಿನ ಪಟ್ಟಿ ಮೇಲೆ. ಹಲ್ಲು ಹಿಗ್ಗುವ ಪದರವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಉಲ್ಟಾ ಇಟ್ಟರೆ ಫ್ಲೀಸ್ ತಳ್ಳಿಸಿಕೊಂಡು ಹೋಗಿ ಕೊನೆಗೆ ಅರ್ಧ ಇಂಚು ಹೊರಗೆ ಉಳಿಯುತ್ತದೆ. ಎರಡೂ ಕಡೆ ಕೆಳಗಿನಿಂದ ಮೇಲಕ್ಕೇ ಹೊಲೀರಿ.

ಮಿನೆಸೋಟ_ಕನ್ನಡತಿ

ಜಿಪ್ಪಿನ ಮೇಲ್ತುದಿಗೆ ಫ್ಲೀಸಿನ ಸಣ್ಣ ತುಂಡನ್ನು ಮಡಚಿ ಹೊಲಿದುಬಿಡಿ. ಇಲ್ಲದಿದ್ದರೆ ಗದ್ದಕ್ಕೆ ಚುಚ್ಚುತ್ತೆ ಅಂತ ಮಗು ಜಿಪ್ ಹಾಕಿಕೊಳ್ಳೋದೇ ಇಲ್ಲ.

ಕಾಫಿತೋಟದ_ಹೊಲಿಗೆ

ಹುಡ್ಡಿಗೆ ಲಾಡಿ ಹಾಕಲಾ? ಚಿತ್ರದಲ್ಲಿ ಇದೆ, ಮಗಳಿಗೆ ಅದೂ ಬೇಕಂತೆ.

ಮಿನೆಸೋಟ_ಕನ್ನಡತಿ

ಬೇಡವೇ ಬೇಡ. ಜಾರುಬಂಡೆಗೆ, ಶಾಲಾ ಬಸ್ಸಿನ ಬಾಗಿಲಿಗೆ ಲಾಡಿ ಸಿಕ್ಕಿ ಮಕ್ಕಳ ಪ್ರಾಣವೇ ಹೋಗಿದೆ. ಅದಕ್ಕೇ ಇಲ್ಲಿ ಅಮೆರಿಕದಲ್ಲಿ 1996ರಲ್ಲಿ ಸರ್ಕಾರದ ಗ್ರಾಹಕ ಸುರಕ್ಷತಾ ಆಯೋಗ ಚಿಕ್ಕ ಮಕ್ಕಳ ಬಟ್ಟೆಯ ಹುಡ್ಡಿಗೆ, ಕುತ್ತಿಗೆಗೆ ಲಾಡಿ ಬೇಡ ಅಂತ ಮಾರ್ಗಸೂಚಿ ಮಾಡಿತು. ಹುಡ್ ಮುಖಕ್ಕೆ ಕೂರಬೇಕು ಅಂದರೆ ಅಂಚಿಗೆ ಲೈಕ್ರಾ ಪಟ್ಟಿ ಕೊಡಿ, ಅಥವಾ ಅದೇ ಫ್ಲೀಸನ್ನು ಅಡ್ಡಕ್ಕೆ ಎರಡು ಇಂಚು ಅಗಲ ಕತ್ತರಿಸಿ ಪೈಪಿಂಗ್ ಥರ ಸುತ್ತಿ ಹೊಲಿಯಿರಿ. ಒಳಗಡೆ ಅಂಚು ಮಡಚಬೇಕಾಗಿಲ್ಲ. ಲಾಡಿ ಬೇಕು ಅಂತ ಹಟ ಮಾಡಿದರೆ ಕಿವಿ ಹೊಲಿದುಕೊಡಿ, ಬೆಕ್ಕಿನ ಕಿವಿ. ಲಾಡಿ ಮರೆತುಹೋಗುತ್ತೆ.

ಬೀದರ್_ಚಳಿ

ಅಕ್ಕ, ಮಿಕ್ಕ ಅರ್ಧ ಮೀಟರಲ್ಲಿ ಟೋಪಿ ಆಗುತ್ತಾ? ನಾನು ಕಲಿಯೋಕೆ ಅಂತ ರಸ್ತೆ ಬದಿ ಮಾರೋ ಅಗ್ಗದ ಪೋಲಾರ್ ಹೊದಿಕೆ ತಂದಿದ್ದೇನೆ. ಡಿಸೆಂಬರಲ್ಲಿ ನಮ್ಮ ಕಡೆ ಬೆಳಗ್ಗೆ ಕಿವಿ ಮುಚ್ಚದೆ ಬೈಕ್ ಹತ್ತೋಕಾಗಲ್ಲ.

ಮಿನೆಸೋಟ_ಕನ್ನಡತಿ

ಧಾರಾಳ ಆಗುತ್ತೆ. ಕಲಿಯೋಕೆ ಹೊದಿಕೆಗಿಂತ ಒಳ್ಳೇ ಬಟ್ಟೆ ಇಲ್ಲ. ತಲೆಯ ಸುತ್ತಳತೆಗಿಂತ ಒಂದು ಇಂಚು ಕಡಿಮೆ ಇಟ್ಟು, ಹೊಲಿಗೆಗೆ ಬೇರೆ ಬಿಟ್ಟುಕೊಳ್ಳಿ. ಹಿಗ್ಗು ತಲೆಯ ಸುತ್ತ ಬರಬೇಕು, ಅದೊಂದು ತಪ್ಪಿದರೆ ಟೋಪಿ ತಲೆಗೇ ಇಳಿಯಲ್ಲ. ಕೆಳಗೆ ಮೂರು ಇಂಚು ಜಾಸ್ತಿ ಬಿಟ್ಟು ಹೊರಕ್ಕೆ ಮಡಚಿದರೆ ಕಿವಿಗೆ ಎರಡು ಪದರ ಸಿಗುತ್ತೆ. ಆ ಮಡಿಕೆಗೆ ಹೊಲಿಗೆ ಹಾಕಬೇಡಿ, ಹಾಗೇ ಬಿಡಿ. ಹಾಕಿದರೆ ನೇರ ಹೊಲಿಗೆ ಅಲ್ಲೇ ಕಿತ್ತು ಬರೋದು.

ಟೇಲರ್‌ಕಾಕಾ_ಧಾರವಾಡ

ತಮ್ಮಾ, ಹೊದಿಕೆ ಹೊಲಿದು ಆದಮೇಲೆ ಬಾಬಿನ್ ಕೇಸ್ ತೆಗೆದು ಶಟ್ಲ್ ಒಳಗೆ ಬ್ರಷ್ ಆಡಿಸು. ಅಗ್ಗದ್ದು ಬಹಳ ರೋಮ ಉದುರಿಸುತ್ತದೆ, ಎಣ್ಣೆ ಜೊತೆ ಸೇರಿ ಮುದ್ದೆ ಕಟ್ಟಿದರೆ ಮಿಷನ್ ಬಿಗಿ ಆಗುತ್ತದೆ. ಅವ್ವ ಬೈದರೆ ನನ್ನ ಹೆಸರು ಹೇಳಬೇಡ.

ಕಾಫಿತೋಟದ_ಹೊಲಿಗೆ

ಕತ್ತರಿಸಿ ಆಯ್ತು. ಲೆಕ್ಕ ಹಾಕಿದ ಹಾಗೇ ಒಂದೇ ಸಾಲಲ್ಲಿ ಕೂತಿತು, ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿಯೇ ಮಿಕ್ಕಿದೆ. ಭುಜ, ತೋಳು ಮುಗಿದಿದೆ, ಆರ್ಮ್‌ಹೋಲಿಗೆ ಎರಡು ಸಾಲು ಹಾಕಿದ್ದೇನೆ. ಜಿಪ್ಪಿಗೆ ಕಚ್ಚಾ ಹೊಲಿಗೆ ಹಾಕಿ ಇಟ್ಟಿದ್ದೇನೆ, ನಾಳೆ ಹಗಲು ಬೆಳಕಲ್ಲಿ ಮಿಷನ್ನಿಗೆ ಕೊಡೋದು. ಒಂದು ಪ್ರಶ್ನೆ: ಜೇಬಿನ ಮುಚ್ಚಳಕ್ಕೆ ಗುಂಡಿ ಇಡಬೇಕು ಅಂತಿದ್ದೆ, ಕಾಜ ಕೈಯಲ್ಲಿ ಹಾಕಿದರೆ ನಿಲ್ಲುತ್ತಾ?

ಬಸವನಗುಡಿ_ಬೊಟಿಕ್

ಕಾಜ ಹಿಗ್ಗಿ ಬಾಯಿ ಬಿಡುತ್ತೆ. ಟಿಚ್ ಬಟನ್ ಹಾಕಿ, ಹಿಂದೆ ಗಟ್ಟಿ ಹತ್ತಿ ಬಟ್ಟೆಯ ಸಣ್ಣ ಚೂರು ಕೊಟ್ಟು. ಇಲ್ಲದಿದ್ದರೆ ಎಳೆದಾಗ ಬಟನ್ ಜೊತೆ ರೋಮವೂ ಕಿತ್ತು ಬರುತ್ತೆ.